ಮುಂದೇನಾಯಿತು ಮಿಸ್?

ಕತೆ ಮುಗಿಯಿತು ಎಂದರೆ ಒಪ್ಪಿಕೊಳ್ಳುವ ಮಗುವನ್ನು ನಾನು ಇನ್ನೂ ನೋಡಿಲ್ಲ. "ಆಮೇಲೆ?" ಎಂದು ಕೇಳಿಯೇ ಕೇಳುತ್ತದೆ. ನಮ್ಮ ಅಜ್ಜಿಯಂದಿರು ಈ ಪ್ರಶ್ನೆಗೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದರು. "ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೀವಿ, ಸುಮ್ಮನೆ ಮಲಕ್ಕೋ" ಎಂದು ಹೊದಿಕೆ ಎಳೆದುಬಿಡುತ್ತಿದ್ದರು. ಕಾರ್ಟೂನು ಸಿನಿಮಾ ಮಾಡುವವರಿಗೆ ಹಾಗೆ ಹೊದಿಕೆ ಎಳೆಯುವ ಧೈರ್ಯವಿಲ್ಲ. ಎಳೆದರೆ ವ್ಯಾಪಾರಕ್ಕೆ ನಷ್ಟ. ಮಗು ಬಾಯಿ ತೆರೆಯುವ ಮೊದಲೇ ಎರಡನೆಯ ಭಾಗ, ಮೂರನೆಯ ಭಾಗ ಸಿದ್ಧವಾಗಿರುತ್ತವೆ.

ಈ ಮುಂದಿನ ಭಾಗಗಳು ಮೂಲದ ಮಟ್ಟಕ್ಕೆ ಬರುತ್ತವೆಯೇ ಎಂದು ಯಾರಾದರೂ ಕೇಳಿದರೆ, "ಎಲ್ಲಿ ಬರುತ್ತೆ ಬಿಡಿ" ಎಂದು ಕೈ ಆಡಿಸುವುದು ನಮ್ಮ ವಯಸ್ಸಿನವರಿಗೆ ಬಲು ಸುಲಭ. ನಾವು ಚಿಕ್ಕವರಿದ್ದಾಗ ತಿಂದ ಬೋರೆಹಣ್ಣೇ ಸಿಹಿ ಎನ್ನುವ ಜಾತಿಯವರು ನಾವು. ಆದರೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳ ಮಧ್ಯೆ ಇದ್ದು, ಅವರು ನೋಡುವುದನ್ನೆಲ್ಲ ಅವರ ಜೊತೆ ಕೂತು ನೋಡಿದ ಮೇಲೆ, ಕೆಲವು ಬರುತ್ತವೆ ಎಂದೇ ನನಗನ್ನಿಸುತ್ತದೆ. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದಕ್ಕೆ ಬಣ್ಣ, ಕುಣಿತ, ಖರ್ಚು ಕಾರಣವಲ್ಲ. ಮಕ್ಕಳ ಮನಸ್ಸಿನಲ್ಲಿ ನಿಂತುಹೋದ ಕತೆಗಳನ್ನು ನೀವೇ ನೆನಪಿಸಿಕೊಳ್ಳಿ. ಅವುಗಳ ಕೊನೆಯಲ್ಲಿ ಏನೋ ಒಂದು ಕಳೆದುಹೋಗಿರುತ್ತದೆ. ಆ ಕಳೆದದ್ದನ್ನು ಎರಡನೆಯ ಭಾಗದವರು ಏನು ಮಾಡುತ್ತಾರೆ ಎಂಬುದೇ ನನ್ನ ಪ್ರಶ್ನೆ.

1993ರಲ್ಲಿ ಭಾನುವಾರಗಳಂದು ದೂರದರ್ಶನದಲ್ಲಿ ಜಂಗಲ್ ಬುಕ್ ಬರುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಜಪಾನಿನವರು ಮಾಡಿದ್ದು, ನಮಗೆ ಹಿಂದಿಯಲ್ಲಿ ಬಂತು. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಗೌರಿಬಿದನೂರಿನಲ್ಲಿ ನಾವಿದ್ದ ವಠಾರಕ್ಕೆಲ್ಲ ಒಂದೇ ಟಿವಿ. ಹಿಂದಿ ನೆಟ್ಟಗೆ ಯಾರಿಗೂ ಬಾರದು. ಆದರೂ ಬಟ್ಟೆ ಒಗೆಯುವುದನ್ನು ಬಿಟ್ಟು ಹೆಂಗಸರೂ ಬಂದು ಹೊಸ್ತಿಲಲ್ಲಿ ಕೂರುತ್ತಿದ್ದರು. ತೋಳಗಳು ಸಾಕಿದ ಹುಡುಗನ ಕತೆಗೆ ಭಾಷೆ ಬೇಕಿರಲಿಲ್ಲ.

ಅದೇ ಕತೆಯನ್ನು ಡಿಸ್ನಿಯವರು 1967ರಲ್ಲೇ ಮಾಡಿದ್ದರು. ವಾಲ್ಟ್ ಡಿಸ್ನಿ 1966ರ ಡಿಸೆಂಬರಿನಲ್ಲಿ ತೀರಿಕೊಂಡ ಮೇಲೆ ಅದು ತೆರೆಗೆ ಬಂತು. ಅದರ ಕೊನೆ ನೋಡಿ: ನೀರಿಗೆಂದು ಬಂದ ಒಂದು ಹುಡುಗಿಯ ಹಿಂದೆ ಮೋಗ್ಲಿ ಊರಿನೊಳಕ್ಕೆ ಹೋಗಿಬಿಡುತ್ತಾನೆ. ಅಷ್ಟು ಮುದ್ದಿನಿಂದ ಸಾಕಿದ ಕರಡಿ ನೋಡುತ್ತ ನಿಲ್ಲುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸಿದವರು ಯಾರಾದರೂ ಆ ಕರಡಿಯ ಮುಖ ನೋಡಿದರೆ ಗುರುತು ಹಿಡಿಯುತ್ತಾರೆ. 36 ವರ್ಷ ಬಿಟ್ಟು, 2003ರಲ್ಲಿ, ಜಂಗಲ್ ಬುಕ್ 2 ಬಂತು. ದಸರಾ ರಜೆಯಲ್ಲಿ ಬೆಂಗಳೂರಿನಲ್ಲಿ ತಮ್ಮನ ಮನೆಗೆ ಹೋದಾಗ ಮಕ್ಕಳ ಜೊತೆ ನೋಡಿದೆ. ಮೋಗ್ಲಿಗೆ ಊರು ಬೇಸರವಾಗುತ್ತದೆ, ಮತ್ತೆ ಕಾಡಿಗೆ ಓಡುತ್ತಾನೆ, ಮತ್ತೆ ಹುಲಿ, ಮತ್ತೆ ಅದೇ ಹಾಡು, ಒಂದು ಸಲವಲ್ಲ, ಹಲವು ಸಲ. ಕೊನೆಗೆ ಊರಿನಲ್ಲಿ ಊಟ, ಕಾಡಿನಲ್ಲಿ ಆಟ ಎಂದು ಒಪ್ಪಂದವಾಗುತ್ತದೆ. ಮಕ್ಕಳು ನಕ್ಕರು, ನಾನೂ ನಕ್ಕೆ. ಮುಗಿದ ಮೇಲೆ ಯಾರೂ ಅದರ ಬಗ್ಗೆ ಒಂದು ಮಾತೂ ಆಡದೆ ಊಟಕ್ಕೆ ಎದ್ದರು. ಕರಡಿಯ ಆ ಮುಖವನ್ನು ಇವರು ಒರೆಸಿ ಹಾಕಿದ್ದರು.

ಎರಡನೆಯ ಭಾಗವೆಂದರೆ ಹೀಗೇ ಎನ್ನುವಂತಿಲ್ಲ. ಜಂಗಲ್ ಬುಕ್ ಬರೆದ ಕಿಪ್ಲಿಂಗನೇ 1894ರಲ್ಲಿ ಮೊದಲ ಪುಸ್ತಕ, 1895ರಲ್ಲಿ ಎರಡನೆಯದು ಬರೆದ. ಆ ಎರಡನೆಯ ಪುಸ್ತಕದಲ್ಲೇ ಮೋಗ್ಲಿ ದೊಡ್ಡವನಾಗಿ, ಕಾರಣ ತಿಳಿಯದ ಸಂಕಟದಿಂದ ಅಳುತ್ತ, ಕಾಡನ್ನು ಬಿಟ್ಟು ಹೋಗುವುದು. ಅಲ್ಲಿ ಮುಂದಿನ ಭಾಗ ಮೊದಲಿನದಕ್ಕಿಂತ ಆಳಕ್ಕೆ ಇಳಿಯಿತು.

ಡಿಸ್ನಿಯವರಲ್ಲೂ ಒಂದು ಅಪವಾದ ಇದೆ. 1994ರಲ್ಲಿ ಅಲಾದ್ದೀನನ ಕತೆಗೆ ಮುಂದಿನ ಭಾಗವನ್ನು ನೇರವಾಗಿ ವೀಡಿಯೋ ಕ್ಯಾಸೆಟ್ಟಿನಲ್ಲಿ ಮಾರಿದ ಮೇಲೆ ಅವರಿಗೆ ರುಚಿ ಹತ್ತಿತು. ಹಳೆಯ ಚಿತ್ರಗಳಿಗೆಲ್ಲ ಬಾಲ ಅಂಟಿಸುತ್ತ ಹೋದರು. ಆ ಬಾಲಗಳ ಸಾಲಿನಲ್ಲೇ 2006ರಲ್ಲಿ ಬ್ಯಾಂಬಿಯ ಎರಡನೆಯ ಭಾಗ ಬಂತು. 1942ರ ಬ್ಯಾಂಬಿಯಲ್ಲಿ ಬೇಟೆಗಾರರ ಗುಂಡಿಗೆ ಜಿಂಕೆಮರಿಯ ತಾಯಿ ಸಾಯುತ್ತಾಳೆ, ಸ್ವಲ್ಪ ಹೊತ್ತಿನಲ್ಲೇ ಮರಿ ದೊಡ್ಡದಾಗಿಬಿಡುತ್ತದೆ. ನಡುವೆ ಆ ಮಗು ಹೇಗೆ ದಿನ ಕಳೆಯಿತು? ಎರಡನೆಯ ಭಾಗದವರು ಆ ಜಾಗಕ್ಕೇ ಹೋಗಿದ್ದಾರೆ. ಮಗುವನ್ನು ಹೇಗೆ ಮಾತಾಡಿಸಬೇಕೆಂದು ತಿಳಿಯದ ತಂದೆ, ಕನಸಿನಲ್ಲಿ ತಾಯಿಯನ್ನು ಕಾಣುವ ಮರಿ. ಆದರೆ ತಾಯಿ ಬದುಕಿ ಬರುವುದಿಲ್ಲ. ಚಿತ್ರ ಮಹಾ ದೊಡ್ಡದೇನಲ್ಲ, ಅಲ್ಲಲ್ಲಿ ತೀರ ಸಾಧಾರಣ. ಆದರೂ ಅದನ್ನು ನೋಡಿ ನಾನು ಎದ್ದು ಹೋಗಲಿಲ್ಲ.

ನಮ್ಮ ಕಡೆಯ ಚಿತ್ರಗಳಿಗೆ ಬರುತ್ತೇನೆ. 2005ರಲ್ಲಿ ವಿ. ಜಿ. ಸಾಮಂತ್ ಅವರ 'ಹನುಮಾನ್' ಬಂತು, 2007ರಲ್ಲಿ ಅನುರಾಗ್ ಕಶ್ಯಪ್ ಅವರ 'ರಿಟರ್ನ್ ಆಫ್ ಹನುಮಾನ್'. ಎರಡನೆಯದರಲ್ಲಿ ಹನುಮಂತ ಈಗಿನ ಕಾಲದ ಹುಡುಗನಾಗಿ ಹುಟ್ಟಿ ಬಡಪಾಯಿ ಹುಡುಗರ ಪರವಾಗಿ ಹೊಡೆದಾಡುತ್ತಾನೆ. ತಮಾಷೆಯಾಗಿತ್ತು, ಅಷ್ಟೇ. 2008ರಲ್ಲಿ ಶುರುವಾದ ಛೋಟಾ ಭೀಮ್ ಬಗ್ಗೆ ನಾನು ಹೇಳದಿರುವುದೇ ಒಳ್ಳೆಯದು. ಮಹಾಭಾರತದ ಭೀಮನಿಗೆ ಲಡ್ಡು ಬಿಟ್ಟರೆ ಬೇರೆ ಚಿಂತೆಯೇ ಇರಲಿಲ್ಲವೇನೋ ಎಂದು ಒಂದು ತಲೆಮಾರಿನ ಮಕ್ಕಳೇ ತಿಳಿದುಕೊಂಡಿದ್ದಾರೆ.

2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಬಂದಾಗ ವಿಷಯ ಬೇರೆಯಾಯಿತು. ಹೊಂಬಾಳೆಯವರು ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶಿಸಿದ ಚಿತ್ರ, ಕನ್ನಡದಲ್ಲೂ ಬಂತು. ನಮ್ಮೂರಿನ ತಾಯಂದಿರು ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋದರು, ನಾನೂ ಹೋದೆ. ನಮ್ಮ ವಯಸ್ಸಿನವರಿಗೆ ಪ್ರಹ್ಲಾದನೆಂದರೆ 1983ರ 'ಭಕ್ತ ಪ್ರಹ್ಲಾದ'ದ ಪುಟ್ಟ ಪುನೀತ್. ಆಗಿನ್ನೂ ಮಾಸ್ಟರ್ ಲೋಹಿತ್. 2021ರ ಅಕ್ಟೋಬರಿನಲ್ಲಿ ಅಪ್ಪು ಹೋದ ಮೇಲಂತೂ ಆ ಚಿತ್ರವನ್ನು ಕಣ್ಣೊರೆಸಿಕೊಳ್ಳದೆ ನೋಡಲು ನಮ್ಮಿಂದ ಆಗುತ್ತಿಲ್ಲ. ಈ ಹೋಲಿಕೆ ಅನ್ಯಾಯದ್ದು, ಬರೆದ ಚಿತ್ರಕ್ಕೂ ಅಣ್ಣಾವ್ರಿಗೂ ಎಲ್ಲಿಯ ಸಮ! ಆದರೂ ಒಂದು ಮಾತು ಹೇಳಲೇಬೇಕು. ಹಳೆಯದರಲ್ಲಿ ರಾಜಕುಮಾರ್ ಮಾಡಿದ ಹಿರಣ್ಯಕಶಿಪು ರಾಕ್ಷಸನಾಗಿದ್ದಂತೆಯೇ ತಂದೆಯೂ ಆಗಿದ್ದ. ಸರಿತಾ ಮಾಡಿದ ಕಯಾದು ಗಂಡ ಮಗನ ನಡುವೆ ಸಿಕ್ಕಿಬಿದ್ದವಳು. ಆದ್ದರಿಂದ ಕಂಬ ಒಡೆದಾಗ ನಮಗೆ ಒಳಗೊಳಗೇ ಹೆದರಿಕೆಯಾಗಿತ್ತು, ಆ ಮಗುವಿಗೆ ಈಗ ಅಪ್ಪ ಇಲ್ಲವಾಗುತ್ತಾನೆ ಎಂದು. ಹೊಸದರಲ್ಲಿ ಕಂಬ ಒಡೆದ ಮೇಲಿನ ಕಾದಾಟ ಅಬ್ಬಬ್ಬಾ ಎನ್ನುವಂತಿದೆ, ಮೈ ಜುಮ್ಮೆನ್ನುತ್ತದೆ, ಪಕ್ಕದ ಸೀಟಿನ ಹುಡುಗ ಕುರ್ಚಿಯ ಮೇಲೆ ಎದ್ದು ನಿಂತಿದ್ದ. ಆ ಅಬ್ಬರದಲ್ಲಿ ಮಗನ ಮುಖ ನನಗೆ ಕಳೆದುಹೋಯಿತು. ಭಾಗವತದಲ್ಲಿ ಪ್ರಹ್ಲಾದ ನರಸಿಂಹನ ಮುಂದೆ ನಿಂತು ಬೇಡುವುದು ತನ್ನನ್ನು ಕೊಲ್ಲಹೊರಟಿದ್ದ ಅಪ್ಪನ ಪಾಪ ಕಳೆಯಲೆಂದು. ಎಂಥ ಮಗು! ಈ ಚಿತ್ರ ಏಳು ಚಿತ್ರಗಳ ಸಾಲಿನಲ್ಲಿ ಮೊದಲನೆಯದಂತೆ. 2027ಕ್ಕೆ ಪರಶುರಾಮ, ಹೀಗೆ 2037ರವರೆಗೆ ಪಟ್ಟಿ ಪ್ರಕಟವಾಗಿದೆ. ತಂದೆಯ ಮಾತಿಗೆ ತಾಯಿಯ ತಲೆ ಕಡಿದವನ ಕತೆಯನ್ನು ಮಕ್ಕಳಿಗೆ ಹೇಗೆ ತೋರಿಸುತ್ತಾರೋ ನೋಡಬೇಕು. ಕೊಡಲಿ ಹೊಳೆಯುವುದಂತೂ ಚೆನ್ನಾಗಿಯೇ ಇರುತ್ತದೆ.

ಮಕ್ಕಳ ಕತೆಯ ಕೊನೆಯನ್ನು ಸಿಹಿ ಮಾಡುವ ಚಾಳಿ ಕಾರ್ಟೂನಿಗೆ ಹುಟ್ಟಿನಿಂದಲೇ ಬಂದದ್ದು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ನಿಮಗೆಲ್ಲ ಬಾಯಿಪಾಠ ಇದ್ದೀತು. ಅದರ ಮೂಲ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯ. ಊರಿನ ಮಕ್ಕಳೆಲ್ಲ ಬೆಟ್ಟದೊಳಕ್ಕೆ ಹೋಗಿ ಬಾಗಿಲು ಮುಚ್ಚಿದಾಗ ಹೊರಗೆ ಉಳಿಯುವವನು ಒಬ್ಬ ಕುಂಟ ಹುಡುಗ. ತರಗತಿಯಲ್ಲಿ ಇಲಿಗಳ ಭಾಗಕ್ಕೆ ಕುಣಿದಾಡಿದ ಮಕ್ಕಳೂ ಆ ಕುಂಟನ ಹತ್ತಿರ ಬಂದಾಗ ತೆಪ್ಪಗಾಗುತ್ತಾರೆ. ಡಿಸ್ನಿಯವರು 1933ರಲ್ಲೇ ಇದನ್ನು ಒಂದು ಚಿಕ್ಕ ಚಿತ್ರ ಮಾಡಿದರು. ಅದರಲ್ಲಿ ಕುಂಟನೂ ಒಳಗೆ ಸೇರಿಕೊಳ್ಳುತ್ತಾನೆ, ಅವನ ಕಾಲೂ ಸರಿಹೋಗುತ್ತದೆ, ಒಳಗೆ ಆಟದ ಜಾತ್ರೆ. ಬಾಗಿಲ ಹೊರಗೆ ಯಾರೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನಮ್ಮ ಗೋವಿನ ಹಾಡಿನ ವಿಷಯಕ್ಕೆ ಬರಲು.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಶಾಲೆಗಳಲ್ಲಿ ಕನ್ನಡ ಕಲಿಸುವುದು ಮೈಸೂರಿನಲ್ಲಿ ಕಲಿಸಿದ ಹಾಗಲ್ಲ. ಬಹಳ ಮಕ್ಕಳು ಮನೆಯಲ್ಲಿ ಮಾತಾಡುವುದು ತೆಲುಗು, ಶಿಡ್ಲಘಟ್ಟದಲ್ಲಿ ಉರ್ದು ಮನೆಮಾತಿನವರೂ ಇದ್ದಾರೆ. ಕೈವಾರದ ತಾತಯ್ಯನವರೇ ಎರಡು ಭಾಷೆಯಲ್ಲಿ ಹಾಡಿದ ಸೀಮೆ ಇದು. ಇಲ್ಲಿಯ ಎಷ್ಟೋ ಮಕ್ಕಳಿಗೆ ಪೂರ್ತಿ ಬಾಯಿಗೆ ಬಂದ ಮೊದಲ ಕನ್ನಡ ಪದ್ಯವೆಂದರೆ ಪುಣ್ಯಕೋಟಿಯ ಹಾಡು. ಅರ್ಥವಾಗದ ಮಾತು ಇದ್ದರೂ ರಾಗ ಹಿಡಿದು ಎಳೆದುಕೊಂಡು ಹೋಗುತ್ತದೆ. ಕತೆಯಂತೂ ಅವರ ಹಿತ್ತಲಿನದೇ. ಮನೆಗೆ ಒಂದೆರಡು ಸೀಮೆಹಸು, ಬೆಳಕು ಹರಿಯುವ ಮೊದಲೇ ಡೈರಿಗೆ ಹಾಲು. ಕರುವನ್ನು ಎರಡು ಗುಟುಕಿಗೆ ಬಿಟ್ಟು ಹಗ್ಗ ಎಳೆದು ಕಟ್ಟುವುದನ್ನು ದಿನಾ ನೋಡಿದ ಮಕ್ಕಳು ಅವರು. ಇನ್ನು ಹಾಲಿಗೆ ಯಾರ ಹತ್ತಿರ ಹೋಗಲಿ, ರಾತ್ರಿ ಯಾರ ಮಗ್ಗುಲಿಗೆ ಒರಗಲಿ ಎಂದು ಕರು ತಾಯಿಯನ್ನು ಕೇಳುವ ಜಾಗ ಬಂದಾಗ ಹುಡುಗಿಯರ ದನಿ ನಡುಗುತ್ತದೆ, ಹುಡುಗರು ಕಿಟಕಿಯ ಕಡೆ ನೋಡುತ್ತಾರೆ.

ಈ ಕತೆ ನಮ್ಮ ಹಾಡಿಗಿಂತ ಹಳೆಯದು. ಪದ್ಮಪುರಾಣದಲ್ಲಿ ನಂದಾ ಎಂಬ ಹಸುವಿದೆ, ಹುಲಿ ಅಲ್ಲಿ ಶಾಪ ಹೊತ್ತ ಪ್ರಭಂಜನನೆಂಬ ರಾಜ. ಹಸು ಮಾತು ಉಳಿಸಿಕೊಂಡು ಬಂದಾಗ ಅವನಿಗೆ ಶಾಪವಿಮೋಚನೆ, ಅವಳಿಗೆ ಸ್ವರ್ಗ. ಎಲ್ಲರಿಗೂ ಸಿಗಬೇಕಾದ್ದು ಸಿಕ್ಕಿತು, ಮಂಗಳಂ. ಹೆಸರು ತಿಳಿಯದ ನಮ್ಮ ಕನ್ನಡದ ಹಾಡುಗಾರ ಏನು ಮಾಡಿದ ನೋಡಿ. ಶಾಪ ತೆಗೆದ, ರಾಜನನ್ನು ತೆಗೆದ. ಹುಲಿ ಬರೀ ಹುಲಿ, ಹಸಿದ ಹುಲಿ. ಎದುರು ಬಂದು ನಿಂತ ಹಸುವನ್ನು ಅಕ್ಕನೆಂದು ತಿಳಿದು, ತಿನ್ನಲಾರದೆ, ನಾಚಿಕೊಂಡು ಸತ್ತುಹೋಗುತ್ತದೆ. ಇದೂ ಒಂದು ಮರುಕತೆ ತಾನೆ? ಮೂಲಕ್ಕಿಂತ ಒಂದು ಕೈ ಮೇಲಾಯಿತು. ಏಕೆಂದರೆ ಇವನು ನೋವನ್ನು ಹಗುರ ಮಾಡುವ ಬದಲು ಇನ್ನೊಂದು ಜೀವಕ್ಕೂ ಹಂಚಿದ. ಪೂರ್ತಿ ಹಾಡಿನಲ್ಲಿ ಅಲ್ಲಿಗೂ ನಿಲ್ಲುವುದಿಲ್ಲ, ಪುಣ್ಯಕೋಟಿ ಮರಳಿ ಬಂದು ಕಾಳಿಂಗ ಗೊಲ್ಲನಿಗೆ ವರ್ಷವರ್ಷವೂ ಸಂಕ್ರಾಂತಿಯ ದಿನ ಕೃಷ್ಣನ ಭಜನೆ ನಡೆಸಲು ಹೇಳುತ್ತಾಳೆ. ನಾವು ಶಾಲೆಯಲ್ಲಿ ಹುಲಿ ಸಾಯುವಲ್ಲಿಗೆ ಪುಸ್ತಕ ಮುಚ್ಚುತ್ತೇವೆ.

ಮುಂದಿನ ತಲೆಮಾರಿನ ಕತೆಯನ್ನು ಬರೆಯುವ ಧೈರ್ಯ ಮಾಡಿದವರು ಭೈರಪ್ಪನವರು. 1968ರ 'ತಬ್ಬಲಿಯು ನೀನಾದೆ ಮಗನೆ' ಕಾದಂಬರಿಯಲ್ಲಿ ಆ ಗೊಲ್ಲನ ವಂಶದ ಮೊಮ್ಮಗ ಅಮೆರಿಕದಲ್ಲಿ ಓದಿ ಬರುತ್ತಾನೆ. 1977ರಲ್ಲಿ ಕಾರ್ನಾಡ ಮತ್ತು ಕಾರಂತರು ಅದನ್ನು ಸಿನಿಮಾ ಮಾಡಿದರು. ಅದು ಮಕ್ಕಳ ಕತೆಯಲ್ಲ, ಇಲ್ಲಿ ಹೆಚ್ಚು ಹೇಳುವುದಿಲ್ಲ. ತಬ್ಬಲಿತನ ಎಂಬ ಮಾತನ್ನೇ ಹೆಸರಿಗೆ ಆರಿಸಿಕೊಂಡರು ಎಂಬುದನ್ನಷ್ಟೇ ಗಮನಿಸಿ.

ಇನ್ನು ಕಾರ್ಟೂನು. 2020ರಲ್ಲಿ ವಿ. ರವಿಶಂಕರ್ ಅವರ 'ಪುಣ್ಯಕೋಟಿ' ನೆಟ್‌ಫ್ಲಿಕ್ಸಿನಲ್ಲಿ ಬಂತು. ಇಳಯರಾಜ ಸಂಗೀತ, ಹಸುವಿಗೆ ನಟಿ ರೇವತಿಯವರ ಧ್ವನಿ, ಭಾಷೆ ಸಂಸ್ಕೃತ. ದೊಡ್ಡ ಕಂಪನಿಯ ದುಡ್ಡಿಲ್ಲದೆ, ಜನರಿಂದ ಕೂಡಿಸಿಕೊಂಡು, ಬೇರೆ ಬೇರೆ ಊರುಗಳಲ್ಲಿದ್ದ ಕಲಾವಿದರಿಂದ ಮಾಡಿಸಿದ ಚಿತ್ರ ಎಂಬುದಕ್ಕೇ ಒಂದು ನಮಸ್ಕಾರ ಹಾಕಬೇಕು. ಹತ್ತು ನಿಮಿಷದ ಹಾಡನ್ನು ಒಂದು ಗಂಟೆಗೂ ಮೀರಿ ಎಳೆಯಬೇಕಾದ್ದರಿಂದ ಕೆಲವು ಕಡೆ ಹಿಟ್ಟು ತೆಳುವಾಗಿದೆ. ಆದರೆ ಹಾಡಿನಲ್ಲಿ ಸುಮ್ಮನೆ 'ಹಸಿವು' ಎಂದು ಇದ್ದುದಕ್ಕೆ ಇವರು ಕಾರಣ ಹುಡುಕಿದ್ದಾರೆ. ಮನುಷ್ಯ ಕಾಡಿನ ಮೇಲೆ ಕೈ ಹಾಕಿದರೆ ಹುಲಿಯ ಪಾಡೇನು ಎಂದು ಕೇಳಿದ್ದಾರೆ. ನಂದಿಬೆಟ್ಟದ ಸುತ್ತ ಚಿರತೆಯ ಸುದ್ದಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅದು ಹತ್ತಿರದ ಮಾತು. ಸೇರಿಸಿದ್ದು ಕತೆಯ ಒಳಗಿನಿಂದಲೇ ಬಂದಿದೆ, ಲಡ್ಡುವಿನ ಹಾಗೆ ಹೊರಗಿನಿಂದ ತಂದು ಇಟ್ಟದ್ದಲ್ಲ. ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಕಸಿವಿಸಿ. ಪುರಾಣದಿಂದ ಕನ್ನಡಕ್ಕೆ ಬಂದು, ಇಲ್ಲೇ ಬಾಳಿ ಬದುಕಿ, ಮಕ್ಕಳು ಮರಿ ಮಾಡಿಕೊಂಡವಳನ್ನು ವಯಸ್ಸಾದ ಮೇಲೆ ರೇಷ್ಮೆ ಸೀರೆ ಉಡಿಸಿ ತವರಿಗೆ ಕಳಿಸಿದ ಹಾಗಾಯಿತು. ಶಾಲೆಯ ಟಿವಿಯಲ್ಲಿ ಒಂದಷ್ಟು ಭಾಗ ತೋರಿಸಿದೆ. ಮಾತು ತಿಳಿಯದೆ ಸ್ವಲ್ಪ ಹೊತ್ತು ಮಿಸುಕಾಡಿದ ಮಕ್ಕಳು, ಹಸು ಕರುವಿನ ಹತ್ತಿರ ಬಂದಾಗ ಹಿಂದಿನ ಬೆಂಚಿನಿಂದ ತಾವೇ ಕನ್ನಡದ ಹಾಡನ್ನು ಎತ್ತಿಕೊಂಡರು. ಎರಡೂ ಒಟ್ಟಿಗೆ ನಡೆದವು. ನಾನು ಟಿವಿಯ ದನಿಯನ್ನು ಸಣ್ಣಗೆ ಮಾಡಿದೆ.

ಮೊಬೈಲಿನಲ್ಲಿ ಸಿಗುವ ಚಿಕ್ಕ ಚಿಕ್ಕ ಪುಣ್ಯಕೋಟಿಗಳ ವಿಷಯ ಬೇರೆ. ಅವುಗಳಲ್ಲಿ ಎಷ್ಟೋ ಹಾಡಿಗೆ ನಿಷ್ಠವಾಗಿಯೇ ಇವೆ. ಆದರೆ ನನ್ನ ಹತ್ತಿರ ಒಬ್ಬ ತಾಯಿ ಬಂದು, "ಮಿಸ್, ನೀವು ಆ ಪದ್ಯ ಹೇಳಿಕೊಟ್ಟ ದಿನ ನಮ್ಮ ಹುಡುಗಿ ರಾತ್ರಿಯೆಲ್ಲ ನನ್ನ ಸೆರಗು ಬಿಡಲಿಲ್ಲ. ಹುಲಿಯೂ ಹಸುವೂ ಫ್ರೆಂಡ್ಸ್ ಆಗೋ ಥರ ಮುಗಿಸಬಾರದಾ?" ಎಂದರು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ ಕೇಳಿದರು. ಆ ವರ್ಷ ನನ್ನ ತರಗತಿಯಲ್ಲೇ ತಾಯಿಯನ್ನು ಕಳೆದುಕೊಂಡು ವರ್ಷವೂ ಆಗದ ಇನ್ನೊಬ್ಬ ಹುಡುಗಿ ಇದ್ದಳು, ಹುಳು ಮೇಯಿಸುವ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಅವಳಿಗೋಸ್ಕರವಾದರೂ ಈ ವರ್ಷ ಪದ್ಯವನ್ನು ಮೇಲುಮೇಲೆ ಮುಗಿಸಿಬಿಡಿ ಎಂದು ಸಹೋದ್ಯೋಗಿಯೊಬ್ಬರೂ ಹೇಳಿದ್ದರು. ಸಿನಿಮಾದವರನ್ನು ಬಯ್ಯುವುದು ಸುಲಭ. ಎದುರಿಗೆ ಅಂಥ ಮಗು ಕೂತಿದ್ದರೆ ನಮಗೂ ಕುಂಟನನ್ನು ಬೆಟ್ಟದೊಳಕ್ಕೆ ಸೇರಿಸಿಬಿಡೋಣ ಎನ್ನಿಸುತ್ತದೆ.

ನಾನು ಮೇಲುಮೇಲೆ ಮುಗಿಸಲಿಲ್ಲ. ಪೂರ್ತಿ ಹಾಡಿಸಿದೆ. ಆ ಹುಡುಗಿ ಅಳಲಿಲ್ಲ, ಅತ್ತವರು ಬೇರೆಯವರು. ಆಮೇಲೆ ಎಂದಿನಂತೆ "ಮುಂದೇನಾಯಿತು ಮಿಸ್?" ಎಂಬ ಪ್ರಶ್ನೆ ಬಂದಾಗ, ನೀವೇ ಬರೆದುಕೊಂಡು ಬನ್ನಿ ಎಂದು ಮನೆಗೆಲಸ ಕೊಟ್ಟೆ.

ಎರಡನೆಯ ಭಾಗಗಳ ಒಂದು ದೊಡ್ಡ ಕಟ್ಟೇ ಮೇಜಿನ ಮೇಲೆ ಬಿತ್ತು. ಹೆಚ್ಚಿನವರು ಹುಲಿಯ ಅಣ್ಣನನ್ನು ಸೇಡಿಗೆ ಕರೆತಂದಿದ್ದರು. ಕರು ಒಂದೇ ರಾತ್ರಿಗೆ ದೊಡ್ಡದಾಗಿ ಅವನನ್ನು ಎತ್ತಿ ಆಕಾಶಕ್ಕೆ ಎಸೆದಿತ್ತು. ಯಾವ ಚಾನಲ್ಲಿನಿಂದ ಬಂದದ್ದು ಎಂದು ಕೇಳುವುದೇ ಬೇಡ. ನಾಲ್ಕೈದು ಜನ ಹುಲಿ ಸತ್ತಿರಲಿಲ್ಲ, ಮೂರ್ಛೆ ಹೋಗಿತ್ತಷ್ಟೆ ಎಂದು ಬರೆದಿದ್ದರು. ಇದು ಅಮ್ಮಂದಿರ ಜೊತೆ ಧಾರಾವಾಹಿ ನೋಡಿದ ಫಲ. ಡೈರಿಗೆ ಹಾಲು ಹಾಕುವ ಮನೆಯ ಹುಡುಗ ಮೂರೇ ಸಾಲು ಬರೆದಿದ್ದ. ಕರು ಗಂಡು, ಆದ್ದರಿಂದ ಮುಂದಿನ ವಾರ ಸಾಬರು ಬಂದು ಹಿಡಿದುಕೊಂಡು ಹೋದರು, ಪುಣ್ಯಕೋಟಿ ಎರಡು ದಿನ ಹಾಲು ಕೊಡಲಿಲ್ಲ, ಮೂರನೆಯ ದಿನ ಕೊಟ್ಟಳು. ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ.

ಆ ಹುಡುಗಿಯ ಪುಸ್ತಕ ಕಟ್ಟಿನ ಕೆಳಗಿತ್ತು. ಒಂದು ಪುಟ ಪೂರ್ತಿ ಬರೆದಿದ್ದಳು, ತೆಲುಗು ಬೆರೆತ ಕನ್ನಡ. ಹುಲಿ ಗುಹೆಯಲ್ಲಿ ಮರಿ ಬಿಟ್ಟು ಬಂದಿತ್ತಂತೆ. ಅದು ಹೆಣ್ಣು ಹುಲಿ, ಅದಕ್ಕೇ ಅಷ್ಟು ಹಸಿವು. ಹುಲಿ ಸತ್ತ ಮೇಲೆ ರಾತ್ರಿ ಮರಿ ಕೂಗಿತು. ಪುಣ್ಯಕೋಟಿಗೆ ದೊಡ್ಡಿಯಲ್ಲಿ ಕೇಳಿಸಿತು. ಅವಳು ಹೋದಳು. ಹೋಗುವ ಮೊದಲು ಕರುವಿಗೆ ಹೇಳಿ ಹೋದಳು, ಈ ಸಲವೂ ವಾಪಸು ಬರುತ್ತೇನೆ ಎಂದು. ಮರಿ ಮೊದಲ ದಿನ ಹಾಲು ಕುಡಿಯಲಿಲ್ಲ, ವಾಸನೆ ಬೇರೆ ಇತ್ತು. ಎರಡನೆಯ ದಿನ ಕುಡಿಯಿತು. ದೊಡ್ಡದಾದ ಮೇಲೂ ಅದಕ್ಕೆ ತನ್ನ ಅಮ್ಮನ ವಾಸನೆ ಮರೆಯಲಿಲ್ಲ. ಅಲ್ಲಿಗೆ ಬರಹ ನಿಂತಿತ್ತು.

ಹಾಲಿನ ವಾಸನೆಯ ಸಂಗತಿ ಅವಳಿಗೆ ಯಾವ ಕಾರ್ಟೂನಿನಿಂದ ಬಂತು? ಯಾವುದರಿಂದಲೂ ಇಲ್ಲ. ಎಷ್ಟು ಅಂಕ ಕೊಡುವುದೆಂದು ತೋಚದೆ, ತಪ್ಪಿದ್ದ ಎರಡು ಒತ್ತಕ್ಷರಗಳನ್ನು ಮಾತ್ರ ತಿದ್ದಿ, ಮಾರನೆಯ ದಿನ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ಪುಟ ತೆರೆದು ತಿದ್ದಿದ ಅಕ್ಷರ ನೋಡಿಕೊಂಡು, ರಬ್ಬರಿನಿಂದ ಒರೆಸಿ, 'ಅಮ್ಮ'ಕ್ಕೆ ಮ ಒತ್ತು ಕೊಟ್ಟು ಮತ್ತೆ ಬರೆದಳು.